ಖಾರದಕ್ಕನ ಸಾಸಿಗೆ ಬಂದ ಗತಿ

ನಮ್ಮ ಅಕ್ಕನನ್ನು ಬೀದಿಯವರೆಲ್ಲ ಖಾರದಕ್ಕ ಎಂದು ಕರೆಯುತ್ತಾರೆ. ಅವಳು ಮಾಡುವ ಸಾಸಿನ ಖಾರಕ್ಕೋ ಅವಳ ಬಾಯಿಯ ಖಾರಕ್ಕೋ ಎಂದು ಕೇಳಿದರೆ, ಎರಡನ್ನೂ ಉಂಡವರು ನಗುತ್ತಾರೆ ಅಷ್ಟೇ. ನಾನು ಅವಳ ಒಡಹುಟ್ಟಿದ ತಂಗಿ, ನನ್ನ ಬಾಯಿಯೂ ಕಡಿಮೆಯದೇನಲ್ಲ. ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಕ್ಕ ಭಾವನದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಕಡುಬಿನ ಅಂಗಡಿ. ಮುಂದೆ ಒಂದು ಕೋಣೆ, ಅದರಲ್ಲಿ ಗೋಡೆಗೆ ಒತ್ತಿ ಹಾಕಿದ ಬೆಂಚು. ಹಿಂದೆ ಅಡುಗೆಮನೆ, ಅದರಾಚೆ ಪಾತ್ರೆ ತೊಳೆಯುವ ಬಚ್ಚಲು. ಮುಂದಕ್ಕೂ ಹಿಂದಕ್ಕೂ ನಡುವೆ ಎಣ್ಣೆ ಜಿಡ್ಡು ಹತ್ತಿದ ಒಂದು ಪರದೆ. ಕಡುಬು ಎಂದರೆ, ಹಿಟ್ಟಿನ ಹಾಳೆಯನ್ನು ತೆಳ್ಳಗೆ ಲಟ್ಟಿಸಿ, ಒಳಗೆ ಎಲೆಕೋಸನ್ನೋ ಖೀಮಾವನ್ನೋ ತುಂಬಿ, ನಾನು ಲಂಗಕ್ಕೆ ನೆರಿಗೆ ಹಿಡಿಯುವ ಹಾಗೆ ಅಂಚಿಗೆ ನೆರಿಗೆ ಹಿಡಿದು ಮುಚ್ಚಿ ಹಬೆಯಲ್ಲಿ ಬೇಯಿಸಿದ್ದು. ಅದು ಭಾವನ ಕೆಲಸ. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಕಣ್ಣೆದುರಿಗೇ ಕೂತು, ಎಲ್ಲರ ಯೋಗಕ್ಷೇಮ ವಿಚಾರಿಸುತ್ತ ಮಡಿಸುತ್ತಾನೆ. ಪರದೆಯ ಹಿಂದೆ ಅಕ್ಕ. ಹಿಟ್ಟು ನಾದುವುದು ಅವಳು, ಅದ್ದಿಕೊಳ್ಳುವ ಸಾಸು ಅವಳದು.

ಅವಳು ಮದುವೆಯಾಗಿ ಬಂದಾಗ ಆ ಅಂಗಡಿಯಲ್ಲಿ ಸಾಸು ಅಂತ ಇದ್ದದ್ದು ವಿನೆಗರಿಗೆ ಉಪ್ಪು ಕದಡಿದ ನೀರು. ಅದು ಅತ್ತೆಯ ಕೈಗುಣ. ಅಕ್ಕ ಬಂದ ಹೊಸದರಲ್ಲೇ, "ಅತ್ತೆ, ಇದ್ರಲ್ಲಿ ಕಾಲು ತೊಳ್ಕೋಬಹುದು ಅಷ್ಟೇ" ಅಂದುಬಿಟ್ಟಳು. ಹೊಸ ಸೊಸೆ ಆಡುವ ಮಾತೇ ಅದು? ಅತ್ತೆ ಮಾತು ಬಿಟ್ಟರು. ಮಾವ ಊಟ ಬಿಟ್ಟರು. ಭಾವ ಎರಡೂ ಬಿಡಲಾರದೆ ಮಧ್ಯೆ ನಿಂತು ಬೆವತ. ಅಕ್ಕ ಮಾತ್ರ ತನ್ನ ಪಾಡಿಗೆ ಒರಳಿನಲ್ಲಿ ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಸ್ವಲ್ಪ ದಿನಕ್ಕೆ ಅತ್ತೆ ಪರದೆಯ ಮರೆಯಲ್ಲಿ ನಿಂತು ಸೊಸೆಯ ಪಾತ್ರೆಗೆ ಬೆರಳದ್ದಿ ನೆಕ್ಕುವಾಗ ಸಿಕ್ಕಿಬಿದ್ದರು. ಆಮೇಲೆ ಅವರು ಸಾಯುವ ತನಕ ಆ ಅಂಗಡಿಯಲ್ಲಿ ಸಾಸಿನ ಬಗ್ಗೆ ಅಕ್ಕನ ಮಾತೇ ಕೊನೆಯ ಮಾತು.

ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಬೆಳ್ಳುಳ್ಳಿಯನ್ನು ಹೆಚ್ಚಬಾರದು, ಜಜ್ಜಬೇಕು. ಜಜ್ಜಿದ ಕೂಡಲೇ ವಿನೆಗರಿಗೆ ಹಾಕಿ, ಹಿಟ್ಟು ನಾದಿ ಮುಗಿಯುವ ತನಕ ಮುಚ್ಚಿಡಬೇಕು. ಹಾಗೆ ನೆನೆದರೆ ಅದರ ಹಸಿ ಸೊಕ್ಕು ಮುರಿಯುತ್ತದೆ. ಇನ್ನೊಂದು ಪಾತ್ರೆಯಲ್ಲಿ ತರಿತರಿಯಾದ ಮೆಣಸಿನಪುಡಿ, ಹುರಿದ ಎಳ್ಳು. ಅದರ ಮೇಲೆ ಕಾದ ಎಳ್ಳೆಣ್ಣೆ. ಸುರಿದಾಗ ಚುರ್ ಅನ್ನಬೇಕು, ಆದರೆ ಪುಡಿ ಕರಕಲಾಗಬಾರದು. ಎರಡನ್ನೂ ಕೂಡಿಸಿ ಸೋಯಾ ಸಾಸು, ಇಷ್ಟೇ ಇಷ್ಟು ಸಕ್ಕರೆ, ಒಂದು ಸೌಟು ಬಿಸಿನೀರು. ನೀರಿನಷ್ಟು ತೆಳ್ಳಗಿರಬೇಕು, ತಳದಲ್ಲಿ ಬೆಳ್ಳುಳ್ಳಿ ಕೂತಿರಬೇಕು, ಮೇಲೆ ಕೆಂಪು ಎಣ್ಣೆ ತೇಲಬೇಕು. ಯಾರಾದರೂ "ಸ್ವಲ್ಪ ಗಟ್ಟಿ ಮಾಡಿ ಅಕ್ಕಾ" ಅಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಗಟ್ಟಿ ಬೇಕಾದ್ರೆ ಗೋಡೆಗೆ ಹಚ್ಚೋ ಅಂಟು ತಗೊಳ್ಳಿ. ಸಾಸು ಒಳಗೆ ಇಳೀಬೇಕು, ಮೇಲೆ ಮೆತ್ಕೋಬಾರದು."

ರುಚಿ ನೋಡುವುದರಲ್ಲೂ ಅವಳದು ಒಂದು ಪದ್ಧತಿ. ಚಮಚದಿಂದ ನೋಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಬೆಂದ ಕಡುಬಿನ ನೆರಿಗೆಯ ಅಂಚನ್ನು ಮಾತ್ರ ಚಿವುಟಿ, ಆರಲು ಬಿಟ್ಟು, ಅದನ್ನು ಅದ್ದಿ ತಿನ್ನಬೇಕು. ಅಂಚಿನಲ್ಲಿ ಖೀಮಾ ಇಲ್ಲ, ಎಲೆಕೋಸು ಇಲ್ಲ, ಬರೀ ಹಿಟ್ಟು. ಬರೀ ಹಿಟ್ಟನ್ನು ತಿನ್ನಿಸುವ ಸಾಸು ಯಾವುದನ್ನಾದರೂ ತಿನ್ನಿಸುತ್ತದೆ ಎಂಬುದು ಅವಳ ಲೆಕ್ಕ. ಗಲ್ಲಿಯ ಕೊನೆಯ ಮನೆಯಲ್ಲಿ ಇದ್ದ, ಕೆಲಸದಿಂದ ನಿವೃತ್ತರಾದ ಮೇಷ್ಟ್ರು ಒಬ್ಬರು ಕಡುಬು ಮುಗಿದ ಮೇಲೆ ಬಟ್ಟಲೆತ್ತಿ ಉಳಿದ ಸಾಸನ್ನು ಗುಟುಕರಿಸಿ, ಕನ್ನಡಕ ಒರೆಸಿಕೊಂಡು ಹೋಗುತ್ತಿದ್ದರು. ಅಷ್ಟೇ ಅವಳಿಗೆ ಸಿಕ್ಕ ಬಿರುದು ಬಾವಲಿ.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಉಪ್ಪು ಹುಳಿ ಎಲ್ಲೋ ದೂರದಲ್ಲಿ ಯಾರೋ ಕೂಗಿದ ಹಾಗೆ ನಾಲಿಗೆಗೆ ತಿಳಿಯುತ್ತಿತ್ತು. ಉಳಿದದ್ದೆಲ್ಲ ರದ್ದಿ ಕಾಗದ ಅಗಿದ ಹಾಗೆ. ಡಾಕ್ಟರು ನೋಡಿ, "ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು" ಅಂದರಂತೆ. ಮೂಗಿನ ತುದಿಯಲ್ಲೇ ಸಿಟ್ಟಿದ್ದವಳಿಗೆ ಮೂಗು ಹೋಯಿತು, ಸಿಟ್ಟು ಉಳಿಯಿತು ಎಂದು ಈಗ ಬರೆಯಬಹುದು. ಆಗ ಅಂಥ ಮಾತಾಡುವ ಎದೆ ಯಾರಿಗೂ ಇರಲಿಲ್ಲ. ಮನೆಯಲ್ಲಿ ಅದಕ್ಕೆ ಇಟ್ಟ ಹೆಸರು 'ಶೀತ'. ಭಾವ ಅಂದ, ಶೀತ. ಬಂದು ಹೋದವರು ಅಂದರು, ಶೀತ, ಇಳಿಯುತ್ತೆ. ಅಕ್ಕನೂ ನನಗೆ ಫೋನಿನಲ್ಲಿ ಹೇಳುತ್ತಿದ್ದಳು, "ಶೀತ ಇನ್ನೂ ಪೂರ್ತಿ ಇಳಿದಿಲ್ಲ ಕಣೇ. ಆದ್ರೆ ಸಾಸಿಗೇನೂ ತೊಂದರೆಯಿಲ್ಲ. ಕೈಗೆ ಗೊತ್ತು. ನಿಮ್ಮ ಭಾವ ದಿನಾ ಹೇಳ್ತಾರಲ್ಲ, ಜನ ಬಟ್ಟಲು ನೆಕ್ತಾರೆ ಅಂತ."

ನಾನು ದರ್ಜಿ. ಶಾಲೆ ಶುರುವಾಗುವ ಕಾಲದಲ್ಲಿ ಸಮವಸ್ತ್ರದ ಹೊಲಿಗೆ ಬಂತೆಂದರೆ ನನಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅದೆಲ್ಲ ಮುಗಿಸಿಕೊಂಡು ಒಂದು ಮಧ್ಯಾಹ್ನ ಅಕ್ಕನ ಅಂಗಡಿಗೆ ಹೋದೆ. ಮುಂದಿನ ಕೋಣೆ ತುಂಬಿತ್ತು. ಭಾವ ಮಡಿಸುತ್ತಲೇ ಹಲ್ಲು ಕಿರಿದು, "ಬಾಮ್ಮ, ಬಾ, ಮಿಷನ್ನು ಬಿಡ್ತಾ ನಿನ್ನ?" ಅಂದು ಒಂದು ತಟ್ಟೆ ಮುಂದಿಟ್ಟ. ಕಡುಬು ಅದ್ದಿದೆ. ಬಾಯಿಗಿಟ್ಟೆ.

ಮಕ್ಕಳಿಗೆ ಕೊಡುವ ಕೆಮ್ಮಿನ ಔಷಧಿ ಇದಕ್ಕಿಂತ ವಾಸಿ. ಸಿಹಿ, ಗಟ್ಟಿ, ಹಲ್ಲಿಗೆ ಅಂಟುವಂಥದ್ದು. ಖಾರ ಎಲ್ಲೋ ಹೆಸರಿಗೆ.

"ಭಾವ, ಇದೇನಿದು? ಇದು ಅಕ್ಕನ ಕೈದಲ್ಲ."

ಅವನು ಹಿಟ್ಟು ಮೆತ್ತಿದ ಬೆರಳನ್ನು ತುಟಿಗೆ ಒತ್ತಿ, ಕಣ್ಣಲ್ಲೇ ಪರದೆ ತೋರಿಸಿದ. "ಮೆತ್ತಗೆ ಮಾತಾಡಮ್ಮ. ಆಮೇಲೆ ಹೇಳ್ತೀನಿ."

ಅಷ್ಟರಲ್ಲಿ ಪರದೆಯ ಹಿಂದಿನಿಂದ ಅಕ್ಕನ ದನಿ ಬಂತು. "ಬಂದ್ಯೇನೇ? ಹೇಗಿದೆಯೇ ಸಾಸು?"

ನಾನು ಬಾಯಿ ತೆರೆಯುವ ಮೊದಲೇ ಭಾವ ಕೂಗಿದ. "ಬಟ್ಟಲು ನೆಕ್ತಾ ಇದಾಳೆ ಕಣೇ!"

ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಭಾವ ಕೆಟ್ಟವನಲ್ಲ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಹಸುವಿನಂಥವನು ಎಂದು ಬೀದಿಯೆಲ್ಲ ಹೇಳುತ್ತದೆ. ಆ ಹಸುವನ್ನು ಆ ಹೊತ್ತು ಕೊಂಬು ಹಿಡಿದು ಗಲ್ಲಿಯ ತುಂಬ ಓಡಿಸಬೇಕು ಅನ್ನಿಸಿತು. ಒಬ್ಬ ಹೆಂಗಸು ಒಳಗೆ ನಿಂತು ಕಿವಿಯಿಂದ ರುಚಿ ನೋಡುತ್ತಿದ್ದಾಳೆ, ಇವನು ಆ ಕಿವಿಗೂ ಸುಳ್ಳು ಸುರಿಯುತ್ತಿದ್ದಾನೆ. ಗಿರಾಕಿಗಳ ಎದುರು ಬೇಡ, ಖಾಲಿಯಾಗಲಿ, ಆಮೇಲೆ ಇವನನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಒಳಗೆ ಹೋದೆ.

ಒಳಗೆ ಅಕ್ಕ ಬೆಳಿಗ್ಗೆಯೇ ಮಾಡಿ ಕಳಿಸಿದ ಸಾಸಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದಳು. ಮೂಲೆಯಲ್ಲಿ ಬೆಳ್ಳುಳ್ಳಿ ಸಿಪ್ಪೆಯ ರಾಶಿ, ಮೊದಲಿನ ಎರಡರಷ್ಟು. ಅವಳು ಸೊರಗಿದ್ದಳು, ಆದರೆ ನಾಲಿಗೆ ಹಾಗೇ ಇತ್ತು. ನನ್ನ ರವಿಕೆ ನೋಡಿ, "ಊರಿಗೆಲ್ಲ ಹೊಲೀತೀಯ, ನಿನ್ನ ತೋಳು ನೋಡು, ಒಂದು ಮೇಲೆ ಒಂದು ಕೆಳಗೆ" ಅಂದಳು. ಪಾತ್ರೆ ತೊಳೆಯುವ ಹೆಂಗಸು ಅವತ್ತು ಬಂದಿರಲಿಲ್ಲ. ಗಿರಾಕಿಗಳು ಎದ್ದು ಹೋದ ಮೇಲೆ ಅಕ್ಕನೇ ಬಚ್ಚಲಿಗೆ ಇಳಿದಳು, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ನಾನು ಇನ್ನೂ ಮಾತು ಹುಡುಕುತ್ತಿದ್ದೆ.

ಅವಳು ಒಂದು ಬಟ್ಟಲಿಗೆ ನೀರು ಹಾಕಿ ಬೆರಳಾಡಿಸಿದಳು. ನಿಂತಳು. ಇನ್ನೊಂದು ತೆಗೆದುಕೊಂಡಳು. ಹೆಬ್ಬೆರಳಿನಿಂದ ಒಳಗಡೆ ಉಜ್ಜಿ, ಎರಡು ಬೆರಳು ಕೂಡಿಸಿ ಬಿಡಿಸಿ ನೋಡಿದಳು.

"ಇದೇನೇ ಇದು, ಅಂಟು."

ಬಟ್ಟಲನ್ನು ನನ್ನ ಮುಂದೆ ಹಿಡಿದಳು.

"ನನ್ನ ಸಾಸಿನ ಬಟ್ಟಲಿಗೆ ನೀರು ತೋರಿಸಿದ್ರೆ ಸಾಕು, ಹೋಗುತ್ತೆ. ತಳದಲ್ಲಿ ಬೆಳ್ಳುಳ್ಳಿ ಉಳಿಯುತ್ತೆ. ಇದ್ರಲ್ಲಿ ಬೆಳ್ಳುಳ್ಳಿನೇ ಇಲ್ಲ. ಗಂಜಿ ಒಣಗಿದ ಹಾಗಿದೆ. ಇದಕ್ಕೆ ಜೋಳದ ಹಿಟ್ಟು ಹಾಕಿದ್ದಾರೆ ಯಾರೋ." ನನ್ನ ಮುಖ ನೋಡಿದಳು. "ನಿಂಗೆ ಗೊತ್ತು."

"ಈಗ ಗೊತ್ತಾಯ್ತು ಅಕ್ಕಾ. ಬಂದ ಮೇಲೆ. ನಿಂಗೆ ಹೇಳೋಣ ಅಂತಲೇ..."

ಅವಳು ಪೂರ್ತಿ ಕೇಳಲಿಲ್ಲ. ಒದ್ದೆ ಕೈಯಲ್ಲೇ ಎದ್ದು ನೇರ ಅಡುಗೆಮನೆಯ ಹಿಟ್ಟಿನ ಚೀಲಗಳ ಹತ್ತಿರ ಹೋದಳು. ಭಾವ ಬೀಡಿ ಬಿಟ್ಟೆ ಅಂದ ಕಾಲದಿಂದಲೂ ಬಚ್ಚಿಡುವುದೇನಿದ್ದರೂ ಆ ಚೀಲಗಳ ಹಿಂದೆಯೇ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಅದು ಗೊತ್ತಿರುವುದಿಲ್ಲ ಎಂದು ನಂಬಿದ ಗಂಡಸು ಅವನೊಬ್ಬನೇ ಇರಬೇಕು. ಅಕ್ಕ ಚೀಲ ಸರಿಸಿ ಪೇಟೆಯ ಸಾಸಿನ ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು ಎಳೆದಳು. ಅರ್ಧ ಖಾಲಿ. ಪಕ್ಕದಲ್ಲಿ ಪೂರ್ತಿ ಖಾಲಿಯಾದವು, ಒಂದರ ಮೇಲೊಂದು.

"ರೀ," ಅಂದಳು. ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಇಲ್ಲಿ ಬನ್ನಿ."

ಭಾವ ಪರದೆ ಸರಿಸಿ ಬಂದ, ಕ್ಯಾನು ನೋಡಿದ, ಅಲ್ಲೇ ಕಂಬವಾದ.

"ನಾನು ಬೆಳಿಗ್ಗೆ ಮಾಡೋದನ್ನ ಏನು ಮಾಡ್ತೀರಿ?"

"ಅದು... ಸ್ವಲ್ಪ ದಿನ ಅಂತ..."

"ಏನು ಮಾಡ್ತೀರಿ ಅಂದೆ."

"ಬಚ್ಚಲಿಗೆ," ಅಂದ. ಹೆಣದ ದನಿ. "ನಿನ್ನ ಕಣ್ಣು ತಪ್ಪಿಸಿ."

ಆಮೇಲೆ ಒಂದೊಂದೇ ಹೊರಗೆ ಬಂತು. ಜ್ವರ ಬಿಟ್ಟ ಮೇಲೆ ಅಕ್ಕನ ಸಾಸಿನಲ್ಲಿ ಬೆಳ್ಳುಳ್ಳಿ ಗಂಟಲು ಸುಡುವಷ್ಟಾಯಿತು. ಅವಳಿಗೆ ಏನೂ ತಿಳಿಯದ್ದಕ್ಕೆ ಇನ್ನಷ್ಟು, ಇನ್ನಷ್ಟು ಎಂದು ಹಾಕುತ್ತ ಹೋಗಿದ್ದಳು. ಎಳ್ಳು ಸೀದರೆ ಮೂಗು ಹೇಳಬೇಕಿತ್ತು, ಹೇಳಲಿಲ್ಲ. ಜನ ಬಟ್ಟಲನ್ನು ಹಾಗೇ ಬಿಟ್ಟು ಏಳತೊಡಗಿದರು. ಕೊನೆಗೆ ಒಂದು ದಿನ ಮೇಷ್ಟ್ರು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಿಮ್ಮ ಮನೆಯವರಿಗೆ ಹುಷಾರಿಲ್ಲವೇನಪ್ಪ?" ಎಂದು ಕೇಳಿದರಂತೆ. ಆಮೇಲೆ ಅವರು ಬರಲಿಲ್ಲ. ಭಾವನಿಗೆ ಅದು ಮುಳ್ಳಿನ ಹಾಗೆ ನೆಟ್ಟಿತು. ಮಾರನೆಯ ದಿನ ಕ್ಯಾನು ತಂದ.

"ನಿಂಗೆ ನೋವಾಗುತ್ತೆ ಅಂತ ಕಣೇ," ಅಂದ. "ಶೀತ ಇಳಿಯೋ ತನಕ..."

"ನೋವಾ?" ಈಗ ದನಿ ಏರಿತು. "ಚೆಲ್ಲಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಟ್ಟಿದ್ರೆ ಚೆಲ್ಲಬೇಕು, ನಾನೇ ಚೆಲ್ತಿದ್ದೆ. ಚೆಲ್ಲಿ ಬಂದು ಜನ ಬಟ್ಟಲು ನೆಕ್ಕಿದ್ರು ಅಂದ್ರಲ್ಲ! ಹೊತ್ತು ಹುಟ್ಟೋ ಮುಂಚೆ ಎದ್ದು ಬೆಳ್ಳುಳ್ಳಿ ಜಜ್ಜಿ ಜಜ್ಜಿ ನನ್ನ ಕೈಗೆ ಬೊಬ್ಬೆ ಬಂತು, ನೀವು ಅದನ್ನ ಬಚ್ಚಲಿಗೆ ಸುರಿದು, ನನ್ನ ಮುಂದೆ ನಿಂತು ನಗ್ತಾ ಹೊಗಳಿದ್ರಿ! ನಾನೇನು ಹುಚ್ಚೀನಾ? ಗೊಂಬೆ ಆಟ ಆಡೋ ಮಗೂನಾ?"

ಅವಳು ಹೇಳಿದ ಒಂದೊಂದು ಮಾತೂ ನನ್ನ ಬಾಯಿಂದಲೇ ಬಂದ ಹಾಗಿತ್ತು. ಒಬ್ಬರನ್ನು ನೋಯಿಸಬಾರದು ಎಂದು ಅವರ ಕಣ್ಣಿಗೆ ಮಣ್ಣೆರಚುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಬೈದಿದ್ದರೆ ಅವಳು ಎದುರು ಬೈಯುತ್ತಿದ್ದಳು. ಕರುಣೆಗೆ ಎದುರು ಮಾತಾಡಲಾಗುತ್ತದೆಯೇ?

ಅಕ್ಕ ಕ್ಯಾನನ್ನು ಬಚ್ಚಲಿಗೆ ಒಯ್ದು ಬೋರಲು ಹಾಕಿದಳು. ಅದು ಇಳಿಯಲು ಕೂಡ ಸೋಮಾರಿತನ ಮಾಡಿತು, ಕಾಲಲ್ಲಿ ನೀರು ತಳ್ಳಿ ತಳ್ಳಿ ಇಳಿಸಿದಳು. ಅಂಗಡಿಯ ಷಟರ್ ಅರ್ಧ ಎಳೆದಳು. ಬರುತ್ತಿದ್ದ ಯಾರಿಗೋ "ಇವತ್ತು ಕಡುಬಿಲ್ಲ, ಹೋಗಿ" ಅಂದಳು, ಅವರು ಏನು ತಪ್ಪು ಮಾಡಿದೆವೋ ಎಂದು ನೋಡುತ್ತ ಹೋದರು. ಆಮೇಲೆ ಒಳಗಿನ ಸಾಮಾನನ್ನೆಲ್ಲ ಮುಂದಿನ ಕೋಣೆಯ ಬೆಂಚಿನ ಮೇಲೆ ತಂದು ಜೋಡಿಸಿದಳು. ಭಾವನನ್ನು ಎದುರಿಗೆ ಕೂರಿಸಿದಳು. ಹಬೆಪಾತ್ರೆಯಲ್ಲಿ ಉಳಿದಿದ್ದ ಕಡುಬುಗಳ ಅಂಚನ್ನು ಚಿವುಟಿ ತಟ್ಟೆಯಲ್ಲಿ ಹರಡಿದಳು.

"ನಾನು ಈಗ ಮಾಡ್ತೀನಿ. ನೀವು ತಿಂದು ಹೇಳ್ಬೇಕು. ನಿಜ ಹೇಳಿದ್ರೆ ನಾಳೆ ಬೆಳಿಗ್ಗೆಯೂ ಮಾಡ್ತೀನಿ. ಇಲ್ಲಾಂದ್ರೆ ಇವತ್ತೇ ಕೊನೆ, ಈ ಒಲೆ ಮುಟ್ಟಲ್ಲ. ಇವಳ ಮನೇಲಿ ಅಂಗಿಗೆ ಗುಂಡಿ ಹಾಕ್ಕೊಂಡು ಕೂತಿರ್ತೀನಿ."

ಅದು ಬೆದರಿಕೆಯಲ್ಲ, ನನಗೆ ಗೊತ್ತಿತ್ತು. ಅವಳು ಅಂದದ್ದನ್ನು ಮಾಡುವವಳು. ಆ ಒಲೆ ಬಿಟ್ಟು ಬಂದರೆ ಅವಳು ಏನಾಗುತ್ತಾಳೆ? ನನ್ನ ಮನೆಯಲ್ಲಿ ಗುಂಡಿ ಹಾಕುವ ಕೈಯೇ ಅದು?

ಅವಳು ಬೆಳ್ಳುಳ್ಳಿ ಜಜ್ಜಿದಳು, ವಿನೆಗರಿಗೆ ಹಾಕಿ ಕಾದಳು, ಎಣ್ಣೆ ಕಾಯಿಸಿ ಸುರಿದಳು. ಇಡೀ ಕೋಣೆಯಲ್ಲಿ ಘಾಟು ಎದ್ದು ನಾನೂ ಭಾವನೂ ಕೆಮ್ಮಿದೆವು. ಅವಳೊಬ್ಬಳೇ ಏನೂ ಆಗದವಳ ಹಾಗೆ ನಿಂತು ಕಲಸಿದಳು. ಅದನ್ನು ನೋಡಿದಾಗ ಮಾತ್ರ ನನ್ನ ಸಿಟ್ಟು ಒಂದು ಕ್ಷಣ ಬೇರೆ ಏನೋ ಆಯಿತು.

ಭಾವ ಅಂಚು ಅದ್ದಿ ತಿಂದ. ಕಣ್ಣಲ್ಲಿ ನೀರು ಬಂತು. "ಚೆನ್ನಾಗಿದೆ," ಅಂದ.

ಅಕ್ಕ ಬಟ್ಟಲೆತ್ತಿ ಬಕೆಟ್ಟಿಗೆ ಸುರಿದಳು. ಮತ್ತೆ ಜಜ್ಜಿದಳು, ಮತ್ತೆ ನೆನೆಸಿದಳು, ಮತ್ತೆ ಎಣ್ಣೆ.

ಭಾವ ತಿಂದ. ನುಂಗಲು ಕಷ್ಟಪಟ್ಟ. ನನ್ನ ಕಡೆ ನೋಡಿದ, ನೆಲ ನೋಡಿದ. "ಮೊದಲಿನದಕ್ಕಿಂತ... ಪರವಾಗಿಲ್ಲ. ಚೆನ್ನಾಗೇ ಇದೆ."

ನನಗೆ ತಡೆಯಲಾಗಲಿಲ್ಲ. "ಭಾವ, ನಿಮ್ಮ ಬಾಯಿಗೆ ಏನು ಬಂದಿದೆ? ಅಕ್ಕಾ, ಕೊಡಿಲ್ಲಿ, ನಾನು ಹೇಳ್ತೀನಿ..."

"ನೀನು ಬಾಯಿ ಮುಚ್ಚು," ಅಂದಳು ಅಕ್ಕ. "ನಿನ್ನ ಯಾರೂ ಕೇಳಿಲ್ಲ. ನೀನು ಇವತ್ತು ಹೇಳ್ತೀಯ, ನಾಳೆ ನಿನ್ನ ಮಿಷನ್ನಿಗೆ ಹೋಗ್ತೀಯ. ದಿನಾ ಇಲ್ಲಿರೋರು ಇವ್ರು. ಇವ್ರ ಬಾಯಲ್ಲೇ ಬರ್ಬೇಕು."

ಎರಡನೆಯ ಬಟ್ಟಲೂ ಬಕೆಟ್ಟಿಗೆ ಹೋಯಿತು. ಮೂರನೆಯ ಸಲ ಅವಳು ಬೆಳ್ಳುಳ್ಳಿಯನ್ನು ಲೆಕ್ಕವಿಲ್ಲದೆ ಸುರಿದಳು, ಎಣ್ಣೆಯ ಬಾಟಲಿಯ ತಳದಲ್ಲಿ ಇದ್ದದ್ದನ್ನೆಲ್ಲ ಬಗ್ಗಿಸಿದಳು. ಬೇಕೆಂದೇ ಮಾಡುತ್ತಿದ್ದಾಳೋ, ತಿಳಿಯದೆ ಮಾಡುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ಬಟ್ಟಲನ್ನು ಭಾವನ ಮುಂದೆ ಕುಕ್ಕಿದಳು. ಸಾಸು ತುಳುಕಿ ಅವನ ಅಂಗಿಯ ಮೇಲೆ ಬಿತ್ತು.

"ತಿನ್ನಿ."

ಭಾವ ಅಂಚು ಅದ್ದಿದ. ಬಾಯಿಗಿಟ್ಟ. ಅಗಿದ. ಅವನ ಕುತ್ತಿಗೆಯ ನರ ಉಬ್ಬಿತು. ಮರುಕ್ಷಣ ಅದನ್ನು ತಟ್ಟೆಗೆ ಉಗಿದು, ಬೆಂಚು ಹಿಂದಕ್ಕೆ ತಳ್ಳಿ ಎದ್ದು ನಿಂತ. ಅವನು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಇದನ್ನ ನಾಯಿನೂ ತಿನ್ನಲ್ಲ ಕಣೇ! ಬೆಳ್ಳುಳ್ಳಿ ಗಂಟಲು ಕೊಯ್ತಾ ಇದೆ! ಎಣ್ಣೆ ಕಮಟು, ಹಳಸಿ ಎಷ್ಟು ದಿನ ಆಯ್ತೋ! ಎಳ್ಳು ಸೀದು ಇದ್ದಲಾಗಿದೆ! ನಿಂಗೆ ಒಂದೂ ಗೊತ್ತಾಗ್ತಿಲ್ಲ! ಶೀತ ಅಲ್ಲ ಅದು, ನಿನ್ನ ಮೂಗು ಸತ್ತುಹೋಗಿದೆ! ಸತ್ತೇ ಹೋಗಿದೆ!"

ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಡಾಕ್ಟರು ಕೂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಡಿದ್ದರು. ಷಟರಿನ ಕೆಳಗೆ ಯಾರದೋ ಕಾಲುಗಳು ಬಂದು ನಿಂತು, ಹಾಗೇ ಹೋದವು. ಭಾವ ತಾನು ಏನಂದೆ ಎಂದು ತಿಳಿದವನ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟ. ನಾನು ಅಕ್ಕನ ಮುಖ ನೋಡಲು ಹೆದರಿ ಒರಳನ್ನು ನೋಡುತ್ತ ನಿಂತೆ. ಈಗ ಪಾತ್ರೆ ಹಾರುತ್ತದೆ, ಈಗ ಅವಳು ನನ್ನ ಜೊತೆ ಹೊರಡುತ್ತಾಳೆ ಅಂದುಕೊಂಡೆ.

ಅಕ್ಕ ಒಂದು ಉದ್ದ ಉಸಿರು ಬಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಹೂಂ," ಅಂದಳು. "ಸತ್ತಿದೆ. ನಂಗೆ ಜ್ವರ ಬಿಟ್ಟ ದಿನವೇ ಗೊತ್ತು."

ಕಮಟು ಎಣ್ಣೆಯ ಬಾಟಲಿಯನ್ನು ಬಕೆಟ್ಟಿಗೆ ಎಸೆದಳು. ಒಳಗೆ ಹೋಗಿ ಹೊಸದನ್ನು ತಂದು, ಬಿರಡೆ ತೆಗೆದು ಭಾವನ ಮುಖದ ಹತ್ತಿರ ಹಿಡಿದಳು. ಅವನು ಮೂಸಿ ಆಗಬಹುದು ಎಂದು ತಲೆಯಾಡಿಸಿದ. ಅವಳು ಹೊಸ ಬಟ್ಟಲಿಗೆ ವಿನೆಗರು ಹಾಕಿ, ಜಜ್ಜಿದ ಬೆಳ್ಳುಳ್ಳಿಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಸಿಟ್ಟು ಇನ್ನೂ ದನಿಯಲ್ಲೇ ಇತ್ತು.

"ಕೂತ್ಕೊಂಡು ಸರಿಯಾಗಿ ಹೇಳಿ. ಇದ್ರಲ್ಲಿ ಎಷ್ಟು ತೆಗೀಲಿ?"

ಭಾವ ಕೂತ. "ಅರ್ಧ," ಅಂದ. ಆ ದೊಡ್ಡ ಗಂಡಸು ಹಿಟ್ಟು ಮೆತ್ತಿದ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದ.

ಅಕ್ಕ ಅರ್ಧ ತೆಗೆದಳು. ಉಳಿದದ್ದನ್ನು ಬಟ್ಟಲಿಗೆ ಹಾಕಿ ಮುಚ್ಚಿದಳು. ಆಮೇಲೆ ಅವನ ಕೈಗಳನ್ನು ಹಿಡಿದು ಮುಖದಿಂದ ಕೆಳಗಿಳಿಸಿ ಗದರಿದಳು.

"ಅಳಬೇಡಿ. ಮೂಗು ಕಟ್ಕೊಳ್ಳುತ್ತೆ. ಈಗ ಇಬ್ಬರಿಗೂ ಸೇರಿ ಇರೋದು ಅದೊಂದೇ."